ಅಪ್ಪಣೆಯಿಲ್ಲದ ಗೆರೆ

ನುಡಿಯುವ ಅಧಿಕಾರವು ಮನುಷ್ಯನಿಗೆ ಎಲ್ಲಿಂದ ಬರುತ್ತದೆಂಬುದು ಹಳೆಯ ಪ್ರಶ್ನೆ. ಅರಸನು ಕೊಟ್ಟದ್ದೆಂದು ಕೆಲವರು, ಶಾಸ್ತ್ರವು ಕೊಟ್ಟದ್ದೆಂದು ಕೆಲವರು, ಸಭೆಯು ಕೊಟ್ಟದ್ದೆಂದು ಮತ್ತೆ ಕೆಲವರು ಹೇಳುವರು. ಈ ಮೂವರಲ್ಲಿ ಯಾರ ಅಪ್ಪಣೆಯನ್ನೂ ಬೇಡದೆ, ಹಾಳೆಯ ಮೇಲೆ ಗೆರೆಯೆಳೆದು ಲೋಕವನ್ನು ಅಣಕಿಸುವವನೊಬ್ಬನು ಬಂದರೆ ಅವನ ಮಾತಿಗೆ ಬೆಲೆ ಯಾವುದರಿಂದ? ಅಪ್ಪಣೆ ಬೇಡದಿರುವುದೇ ಒಂದು ಗುಣವೆಂದು ಎಣಿಸಬಹುದೆ? ಚಿತ್ರಕಥೆಯ ಕಲಾವಿದರಲ್ಲಿ ‘ಅಂಡರ್‌ಗ್ರೌಂಡ್’ ಎನಿಸಿಕೊಂಡವರ ಬಾಳನ್ನು ವಿಚಾರಿಸುವಾಗ ಈ ಪ್ರಶ್ನೆಯು ತಪ್ಪದೆ ಎದುರು ನಿಲ್ಲುತ್ತದೆ.

ಹೂವಿನಹಡಗಲಿ ಸೀಮೆಯವರಿಗೆ ಇದರ ಉತ್ತರದ ಸುಳಿವು ದೂರದಲ್ಲಿಲ್ಲ. ತುಂಗಭದ್ರೆಯ ತೀರದ ಮೈಲಾರದಲ್ಲಿ ವರ್ಷಕ್ಕೊಮ್ಮೆ, ಭಾರತ ಹುಣ್ಣಿಮೆಯ ಜಾತ್ರೆಯ ಕಾಲಕ್ಕೆ, ಡೆಂಕನಮರಡಿಯಲ್ಲಿ ಕಾರ್ಣಿಕವಾಗುವುದಷ್ಟೆ. ಉಪವಾಸವ್ರತವನ್ನು ಹಿಡಿದ ಗೊರವಯ್ಯನು ಎತ್ತರವಾದ ಬಿಲ್ಲನ್ನೇರಿ ‘ಸದ್ದಲೇ’ ಎಂದು ಕೂಗುತ್ತಲೇ ನೆರೆದ ಜನಸಾಗರವು ಸ್ತಬ್ಧವಾಗುತ್ತದೆ. ಒಂದೇ ವಾಕ್ಯವನ್ನು ನುಡಿದು ಆತನು ಮೇಲಿನಿಂದ ಬೀಳುತ್ತಾನೆ. ಭಕ್ತರು ಕೈಯೊಡ್ಡಿ ಹಿಡಿಯುತ್ತಾರೆ. ಭಕ್ತರ ಪಾಲಿಗೆ ಅದು ದೈವವಾಣಿ. ಆ ನಂಬಿಕೆಯನ್ನು ಬದಿಗಿರಿಸಿ ನೀತಿಯ ದೃಷ್ಟಿಯೊಂದರಿಂದಲೇ ನೋಡಿದರೂ ಎರಡು ಸಂಗತಿಗಳು ಸ್ಪಷ್ಟವಾಗಿವೆ. ನುಡಿಗೆ ಮೊದಲು ವ್ರತವಿದೆ; ನುಡಿದ ಮೇಲೆ ಪತನವಿದೆ. ತನ್ನನ್ನು ಮೊದಲು ದಂಡಿಸಿಕೊಂಡು, ಅನಂತರ ತನ್ನನ್ನು ಜನರ ಕೈಗೆ ಒಪ್ಪಿಸುವವನ ಮಾತಿಗೆ ಜನರು ಕಿವಿಗೊಡುತ್ತಾರೆ. ಪಾಂಡಿತ್ಯವಾಗಲಿ ಪದವಿಯಾಗಲಿ ಇಲ್ಲಿ ಲೆಕ್ಕಕ್ಕಿಲ್ಲ.

ಇನ್ನು ಚಿತ್ರಕಥೆಯ ವಿಷಯ. ಅಮೆರಿಕದಲ್ಲಿ ೧೯೫೪ರಲ್ಲಿ ಪ್ರಕಾಶಕರ ಸಂಘವೊಂದು ಚಿತ್ರಕಥೆಗಳಿಗೆ ಕಟ್ಟುನಿಟ್ಟಾದ ನಿಯಮಾವಳಿಯನ್ನು ರಚಿಸಿತು. ಅದರ ಮುದ್ರೆಯಿಲ್ಲದ ಪುಸ್ತಕವನ್ನು ವ್ಯಾಪಾರಿಗಳು ಅಂಗಡಿಯಲ್ಲಿಡಲು ಅಂಜಿದರು. ಆಗ ಕೆಲವು ತರುಣರು ಮುದ್ರೆಯ ಗೊಡವೆಯನ್ನೇ ಬಿಟ್ಟು ತಾವೇ ಬರೆದು, ಸಣ್ಣ ಮುದ್ರಣಾಲಯಗಳಲ್ಲಿ ಅಚ್ಚುಹಾಕಿಸಿ, ಕೈಯಿಂದ ಕೈಗೆ ಮಾರತೊಡಗಿದರು. ಅವರಲ್ಲಿ ಪ್ರಮುಖನಾದ ರಾಬರ್ಟ್ ಕ್ರಂಬನು ೧೯೬೮ರಲ್ಲಿ ‘ಝಾಪ್’ ಪತ್ರಿಕೆಯ ಮೊದಲ ಸಂಚಿಕೆಯನ್ನು ಸಾನ್ ಫ್ರಾನ್ಸಿಸ್ಕೊ ನಗರದ ಬೀದಿಯಲ್ಲಿ, ಮಗುವಿನ ತಳ್ಳುಗಾಡಿಯಲ್ಲಿಟ್ಟು ಮಾರಿದನು. ‘ಅಂಡರ್‌ಗ್ರೌಂಡ್’ ಎಂದರೆ ಅಡಗಿಕೊಂಡದ್ದೆಂದು ತಿಳಿಯಬೇಕಾಗಿಲ್ಲ. ರಾಜಮಾರ್ಗವನ್ನು ಬಿಟ್ಟು ಕಾಲುದಾರಿಯಲ್ಲಿ ಬಂದದ್ದೆಂದು ತಿಳಿದರೆ ಸಾಕು.

ಕ್ರಂಬನು ತನ್ನ ಹೀನವಾದ ಬಯಕೆಗಳನ್ನೂ ಹೇಡಿತನವನ್ನೂ ಮುಚ್ಚಿಡಲಿಲ್ಲ. ತನ್ನ ರೂಪವನ್ನೇ ಬಿಡಿಸಿ ಅದನ್ನು ಎಲ್ಲರಿಗಿಂತ ಮೊದಲು ನಗೆಗೀಡು ಮಾಡಿದನು. ದೋಣಿಯ ಹಾಲುಹಣ್ಣಿಗೆ ನಾಯಿಯಂತೆ ಬೊಗಳುತ್ತ ಬಾಯಿಡುವ ಗೊರವರ ಸೇವೆಯನ್ನು ಬಲ್ಲವರಿಗೆ, ತನ್ನನ್ನು ತಾನು ತಗ್ಗಿಸಿಕೊಳ್ಳುವುದರ ಬಲ ಎಂಥದೆಂದು ವಿವರಿಸಬೇಕಾಗಿಲ್ಲ. ಆದರೆ ಕ್ರಂಬನ ಗೆರೆಯು ತನ್ನನ್ನು ಹೊಡೆದು ಅಷ್ಟಕ್ಕೇ ನಿಲ್ಲಲಿಲ್ಲ. ಹೆಂಗಸರನ್ನೂ ಕರಿಯ ಜನರನ್ನೂ ಹೀನವಾಗಿ ಚಿತ್ರಿಸಿತು. ತನ್ನ ಪಾಪವನ್ನು ತಾನೇ ಸಾರಿಕೊಂಡ ಮಾತ್ರಕ್ಕೆ ಪರರನ್ನು ನೋಯಿಸುವ ಹಕ್ಕು ದೊರೆಯುವುದೆ? ಟ್ರೀನಾ ರಾಬಿನ್ಸ್ ಎಂಬ ಕಲಾವಿದೆಯು ಇದನ್ನು ಬಾಯಿಬಿಟ್ಟು ಖಂಡಿಸಿದಳು. ಖಂಡಿಸಿ ಸುಮ್ಮನಾಗದೆ, ೧೯೭೦ರಲ್ಲಿ ಹೆಂಗಸರೇ ರಚಿಸಿದ ಚಿತ್ರಕಥಾಪುಸ್ತಕವೊಂದನ್ನು ಅದೇ ಕಾಲುದಾರಿಯಲ್ಲಿ ಹೊರತಂದಳು. ಗೆರೆಗೆ ಗೆರೆಯಿಂದಲೇ ಉತ್ತರ ಬಂದಿತು.

ಕನ್ನಡ ನಾಡಿಗೂ ಈ ದಾರಿಯು ಪೂರ್ತಿ ಅಪರಿಚಿತವಲ್ಲ. ೧೯೪೨ರಲ್ಲಿ ಡಾಕ್ಟರ್ ಎಂ. ಶಿವರಾಂ ಅವರು ತಮ್ಮ ಹಾಸ್ಯಪತ್ರಿಕೆಗೆ ‘ಕೊರವಂಜಿ’ಯೆಂದು ಹೆಸರಿಟ್ಟರು, ಆರ್. ಕೆ. ಲಕ್ಷ್ಮಣ್ ಅವರ ಎಳೆಯ ಕೈಯ ವ್ಯಂಗ್ಯಚಿತ್ರಗಳು ಅದರಲ್ಲಿ ಬೆಳಕು ಕಂಡವು. ಕಣಿ ಹೇಳುವವಳನ್ನೇ ವ್ಯಂಗ್ಯದ ಅಧಿದೇವತೆಯನ್ನಾಗಿ ಆರಿಸಿದುದರಲ್ಲಿ ಒಂದು ವಿವೇಕವಿದೆ: ನಗಿಸುವವರ ಕೆಲಸವೂ ಕಣಿ ಹೇಳುವವಳ ಕೆಲಸವೂ ಕೇಳುವವನ ಕೈಯನ್ನು ಅವನಿಗೇ ತೋರಿಸುವುದಾಗಿದೆ.

ಆದರೆ ಅಂಡರ್‌ಗ್ರೌಂಡ್ ಕಲಾವಿದರ ಕುಲಕ್ಕೆ ನೇರವಾಗಿ ಸೇರಿದವರೆಂದರೆ, ಬೆಂಗಳೂರನ್ನು ಬಹುಕಾಲ ತಮ್ಮ ಕಾರ್ಯಕ್ಷೇತ್ರವನ್ನಾಗಿ ಮಾಡಿಕೊಂಡು ‘ಅಪ್ಪುಪೆನ್’ ಎಂಬ ಹೆಸರಿನಿಂದ ಚಿತ್ರಕಥೆಗಳನ್ನು ರಚಿಸಿದ ಜಾರ್ಜ್ ಮ್ಯಾಥನ್ ಅವರು. ಅದೇ ನಗರದ ಲೌಂಜ್ ಪಿರಾನಾ ಎಂಬ ವಾದ್ಯತಂಡದಲ್ಲಿ ಅವರು ಡ್ರಮ್ ಬಾರಿಸಿದವರೂ ಹೌದು. ಅವರ ಮೊದಲ ಗ್ರಂಥವಾದ ‘ಮೂನ್‌ವರ್ಡ್’ ೨೦೦೯ರಲ್ಲಿ ಚೆನ್ನೈಯ ಬ್ಲಾಫ್ಟ್ ಎಂಬ ಸಣ್ಣ ಪ್ರಕಾಶನದಿಂದ ಹೊರಬಿದ್ದಿತು. ಆ ಕಲ್ಪಿತ ಲೋಕಕ್ಕೆ ಅವರಿಟ್ಟ ಹೆಸರು ‘ಹಾಲಾಹಲ’. ೨೦೧೩ರಲ್ಲಿ ದೊಡ್ಡ ಪ್ರಕಾಶನವೊಂದರಿಂದ ಬಂದ ‘ಲೆಜೆಂಡ್ಸ್ ಆಫ್ ಹಾಲಾಹಲ’ದಲ್ಲಿ ಮಾತುಗಳೇ ಇಲ್ಲ, ಚಿತ್ರಗಳಷ್ಟೇ ಕಥೆ ಹೇಳುತ್ತವೆ. ೨೦೧೪ರಲ್ಲಿ ‘ಆಸ್ಪಿರಸ್’, ೨೦೧೮ರಲ್ಲಿ ‘ದಿ ಸ್ನೇಕ್ ಅಂಡ್ ದಿ ಲೋಟಸ್’ ಬಂದವು; ಎಲ್ಲವೂ ಅದೇ ಲೋಕದ ಕಥೆಗಳು. ಕುರುಡು ದೇಶಾಭಿಮಾನವನ್ನು ಅಣಕಿಸಲು ಅವರು ‘ರಾಷ್ಟ್ರಮ್ಯಾನ್’ ಎಂಬ ಹುಸಿವೀರನನ್ನೂ ಸೃಷ್ಟಿಸಿದರು. ದೊಡ್ಡ ಬಾಗಿಲಿನೊಳಗೆ ಹೋದ ಕಲಾವಿದನ ಗೆರೆಯು ಮೊಂಡಾಗಲೇಬೇಕೆಂಬ ನಿಯಮವಿಲ್ಲವೆಂಬುದಕ್ಕೆ ಇದೊಂದು ನಿದರ್ಶನ. ಕಾಲುದಾರಿಯೆಂಬುದು ಸ್ಥಳಕ್ಕಿಂತ ಹೆಚ್ಚಾಗಿ ನಡತೆಯ ಹೆಸರು.

ಹಾಲಾಹಲವೆಂಬ ಹೆಸರು ವಿಚಾರಕ್ಕೆ ಒಳ್ಳೆಯ ಎಡೆಗೊಡುತ್ತದೆ. ಕಡಲು ಕಡೆದಾಗ ಹುಟ್ಟಿದ ವಿಷವನ್ನು ಶಿವನು ನುಂಗಲಿಲ್ಲ, ಉಗುಳಲೂ ಇಲ್ಲ, ಕಂಠದಲ್ಲಿ ನಿಲ್ಲಿಸಿಕೊಂಡನು. ಕಾಲದ ಕೆಡುಕನ್ನು ಕಂಡ ಕಲಾವಿದನಿಗೂ ಇರುವ ದಾರಿಗಳು ಈ ಮೂರೇ. ನುಂಗಿ ಸುಮ್ಮನಿರುವವನು ತಾನು ಕೆಡುತ್ತಾನೆ. ಕಂಡಕಂಡವರ ಮೇಲೆ ಉಗುಳುವವನು ಲೋಕವನ್ನು ಕೆಡಿಸುತ್ತಾನೆ. ಕಂಠದಲ್ಲಿ ನಿಲ್ಲಿಸಿಕೊಳ್ಳುವುದೆಂದರೆ, ಗೆರೆಯನ್ನು ಎಳೆಯುವ ಮೊದಲು ಅದರ ಉರಿಯನ್ನು ತಾನು ಅನುಭವಿಸುವುದು. ಈ ಉರಿಯು ಬಲಿಷ್ಠನ ಮದಕ್ಕೆ ತಾಗುವುದೋ, ದುರ್ಬಲನ ಬೆನ್ನಿಗೆ ತಾಗುವುದೋ ಎಂದು ಕೇಳಿಕೊಳ್ಳುವುದು. ಹೊರಗಿನ ಮುದ್ರೆಯನ್ನು ತಿರಸ್ಕರಿಸಿದವನಿಗೆ ಒಳಗಿನ ಈ ವ್ರತವು ಇಮ್ಮಡಿಯಾಗಿ ಬೇಕು. ಅವನನ್ನು ತಡೆಯುವವರು ಬೇರೆ ಯಾರೂ ಇಲ್ಲವಷ್ಟೆ.

ಹಾಗಾದರೆ ವ್ರತಗೆಟ್ಟವನನ್ನು ಸೆರೆಗೆ ಹಾಕಬೇಕೆ ಎಂದು ಕೆಲವರು ಕೇಳಬಹುದು. ಕೂಡದು. ವ್ರತವು ತಾನಾಗಿ ಹಿಡಿದರೆ ವ್ರತ. ದಂಡವನ್ನು ತೋರಿಸಿ ಹಿಡಿಸಿದರೆ ಅದು ಮತ್ತೆ ಆ ಹಳೆಯ ಮುದ್ರೆಯೇ. ನೋಡುವವರಿಗೂ ಒಂದು ಧರ್ಮವುಂಟು. ಕಾರ್ಣಿಕದ ಒಂದು ವಾಕ್ಯವನ್ನು ರೈತನು ಮಳೆಬೆಳೆಗೂ ರಾಜಕಾರಣಿಯು ತನ್ನ ಗದ್ದುಗೆಗೂ ಹೊಂದಿಸಿಕೊಂಡು ಅರ್ಥಮಾಡುತ್ತಾರೆ. ತನಗೆ ಹಿತವಾದ ಅರ್ಥವನ್ನು ಮಾತ್ರ ಆರಿಸಿಕೊಳ್ಳುವ ಈ ಚಪಲವು ಚಿತ್ರವನ್ನು ನೋಡುವವರಲ್ಲಿಯೂ ಇದೆ: ಪರರನ್ನು ಅಣಕಿಸಿದಾಗ ನಗುವವರು ತಮ್ಮನ್ನು ಅಣಕಿಸಿದಾಗ ಕೋಲು ಹುಡುಕುತ್ತಾರೆ. ಅಪ್ಪಣೆಯಿಲ್ಲದೆ ಎಳೆದ ಗೆರೆಯಲ್ಲಿ ತಮ್ಮ ಮುಖವನ್ನೂ ಗುರುತಿಸಿ ನಗಬಲ್ಲ ಜನರಿರುವಲ್ಲಿ ಮಾತ್ರ, ಬಿಲ್ಲಿನಿಂದ ಬೀಳುವವನನ್ನು ಹಿಡಿಯಲು ಕೈಗಳಿರುತ್ತವೆ.