ಇಂದಿನ ಧಮ್ಮ ಚಿಂತನೆ: ಬಾಕಿ ಉಳಿದ ಎಪಿಸೋಡುಗಳು



ನಮ್ಮ ಓದು ಬಳಗದ ತಂಗಿಯೊಬ್ಬರು ಮೊನ್ನೆ ರಾತ್ರಿ ಒಂದು ಮೆಸೇಜ್ ಹಾಕಿದ್ದರು. ಹೆಸರು ಬೇಡ, ಪ್ರಶ್ನೆ ಬೇಕಾದರೆ ಹಂಚಿಕೊಳ್ಳಿ ಎಂದಿದ್ದಾರೆ. ಅವರ ಮಾತಿನಲ್ಲೇ ಕೇಳಿ: “ಅಣ್ಣಾ, ಹುಣ್ಣಿಮಿ ದಿನ ಅಷ್ಟಶೀಲ ತಗೊಂಡಿದ್ದೆ. ರವಿವಾರ ಎಲ್ಲರ ಕೂಡ ಸನ್ನತಿಗೆ ಹೋಗಿ ಬಂದ್ವಿ, ಭಾಳ ಖುಷಿ ಆಯ್ತು. ರಾತ್ರಿ ಮನಿಗೆ ಬಂದು, ವಾರದಾಗ ತಪ್ಪಿದ್ದ ಸೀರಿಯಲ್ ಎಲ್ಲಾ ಫೋನಿನಾಗ ನೋಡಿ ಮುಗಿಸ್ದೆ. ಈಗ ಮನಸ್ಸಿಗೆ ಒಂಥರಾ ಅನಸ್ಲಿಕತ್ತದ. ತಗೊಂಡಿದ್ದ ಶೀಲ ಮುರದಂಗ ಆಯ್ತೇನ್ರಿ?”

ಮೊದಲು ನೇರ ಉತ್ತರ ಕೊಟ್ಟುಬಿಡುತ್ತೇನೆ. ಮುರಿದಿಲ್ಲ. ನೃತ್ಯ, ಗೀತ, ವಾದ್ಯ, ಆಟನೋಟಗಳಿಂದ ದೂರವಿರುತ್ತೇನೆ ಎನ್ನುವುದು ಅಷ್ಟಶೀಲದ ಏಳನೆಯ ಶೀಲದಲ್ಲಿ ಬರುತ್ತದೆ. ಗೃಹಸ್ಥರು ಅದನ್ನು ಉಪೋಸಥದ ಒಂದು ಹಗಲು, ಒಂದು ರಾತ್ರಿಗೆಂದು ತೆಗೆದುಕೊಳ್ಳುತ್ತಾರೆ. ಮರುದಿನ ಬೆಳಗಾದ ಮೇಲೆ ನಾವು ಮತ್ತೆ ಪಂಚಶೀಲದವರು. ಪಂಚಶೀಲದಲ್ಲಿ ಸೀರಿಯಲ್ಲಿನ ಮಾತಿಲ್ಲ, ಪ್ರವಾಸದ ಮಾತೂ ಇಲ್ಲ. ತಂಗಿ ತೆಗೆದುಕೊಂಡ ಶೀಲವನ್ನು ತೆಗೆದುಕೊಂಡ ದಿನ ಪೂರ್ತಿ ಪಾಲಿಸಿದ್ದಾರೆ.

ಇಷ್ಟಕ್ಕೇ ಮುಗಿಸಬಹುದಿತ್ತು. ಆದರೆ ಆ ‘ಒಂಥರಾ’ ಎನ್ನುವ ಪದ ನನ್ನನ್ನು ಬಿಡಲಿಲ್ಲ. ವಾರವಿಡೀ ಅಂಗನವಾಡಿಯಲ್ಲಿ ಮಕ್ಕಳನ್ನು ನೋಡಿಕೊಂಡು, ರಿಜಿಸ್ಟರ್ ತುಂಬಿ, ಮನೆಗೆ ಬಂದು ರೊಟ್ಟಿ ಬಡಿಯುವ ಹೆಣ್ಣುಮಗಳು ಒಂದು ದಿನ ನಕ್ಕು, ಒಂದು ರಾತ್ರಿ ಸೀರಿಯಲ್ ನೋಡಿ, ಯಾರದೋ ಮನೆಯಿಂದ ಕದ್ದು ತಂದವರ ಹಾಗೆ ಅಳುಕುವುದೆಂದರೆ ಏನು?

ನಮ್ಮ ಊರಿನ ಮಾತು ಹೇಳುತ್ತೇನೆ. 1987–88ರಲ್ಲಿ ರವಿವಾರ ಬೆಳಿಗ್ಗೆ ದೂರದರ್ಶನದಲ್ಲಿ ರಾಮಾಯಣ ಬರುತ್ತಿತ್ತು. ಊರಿಗೆ ಇದ್ದದ್ದು ಒಂದೇ ಟಿವಿ, ಅದೂ ದೊಡ್ಡ ಮನೆಯಲ್ಲಿ. ಒಳಗೆ ಕೂತು ನೋಡುವವರು ಬೇರೆ, ಕಿಟಕಿಯ ಹೊರಗೆ ನಿಂತು ನೋಡುವವರು ಬೇರೆ. ನಾವು ಹೊರಗಿನವರು. ಕೂಲಿಗೆ ರವಿವಾರ ಎಂಬುದಿಲ್ಲ, ಆದ್ದರಿಂದ ನಮ್ಮವ್ವ ತಲೆಯ ಮೇಲಿನ ಹೊರೆಯನ್ನು ಗೋಡೆಗೆ ಒರಗಿಸಿ, ಐದು ನಿಮಿಷ ಇಣುಕಿ, ಮತ್ತೆ ಹೊತ್ತುಕೊಂಡು ನಡೆಯುತ್ತಿದ್ದಳು. ಆ ಐದು ನಿಮಿಷದಲ್ಲೂ ಅವಳ ಕಣ್ಣು ಅರ್ಧ ಟಿವಿಯ ಮೇಲೆ, ಅರ್ಧ ಯಾರಾದರೂ ಬೈಯುತ್ತಾರೇನೋ ಎಂದು ಬಾಗಿಲ ಮೇಲೆ ಇರುತ್ತಿತ್ತು. ಬಹಳ ವರ್ಷಗಳ ಮೇಲೆ ನಮ್ಮದೇ ಮನೆಗೆ ಟಿವಿ ಬಂದಾಗ ಅವ್ವ ಅದರ ಮುಂದೆ ಕಾಲು ಚಾಚಿ ಕೂತಳು. ಯಾವ ಕಾರ್ಯಕ್ರಮ ಎಂಬುದು ನೆನಪಿಲ್ಲ, ಚಾಚಿದ ಕಾಲು ನೆನಪಿದೆ.

ಅಂಥವಳ ಮುಂದೆ ಹೋಗಿ ‘ಮನರಂಜನೆ ತೃಷ್ಣೆ, ಬಿಡು’ ಎಂದು ಉಪದೇಶ ಮಾಡುವುದು ನನ್ನ ಬಾಯಿಂದ ಆಗದು. ಬಿಡುವೇ ಇಲ್ಲದವರಿಗೆ ವೈರಾಗ್ಯ ಕಲಿಸುವುದು ಸುಲಭ, ಅದಕ್ಕೇ ಬಹಳ ಜನ ಕಲಿಸುತ್ತಾರೆ. ಬಾಬಾಸಾಹೇಬರು 1942ರಿಂದ 1946ರವರೆಗೆ ವೈಸರಾಯ್ ಕಾರ್ಯಕಾರಿ ಮಂಡಳಿಯ ಕಾರ್ಮಿಕ ಸದಸ್ಯರಾಗಿದ್ದಾಗ ಮಾಡಿದ ಕೆಲಸ ನೆನಪಿಸಿಕೊಳ್ಳಿ. ಕಾರ್ಖಾನೆಗಳಲ್ಲಿ ವಾರದ ದುಡಿಮೆಯನ್ನು 54 ಗಂಟೆಯಿಂದ 48ಕ್ಕೆ ಇಳಿಸುವುದಕ್ಕೂ ಸಂಬಳ ಸಹಿತ ರಜೆಗೂ ಅವರು ಮಸೂದೆ ತಂದರು. ಕಾಂಗ್ರೆಸ್ ಮತ್ತು ಗಾಂಧಿಯವರ ಬಗ್ಗೆ 1945ರಲ್ಲಿ ಬಂದ ಪುಸ್ತಕದಲ್ಲಿ, ಯಂತ್ರ ಬೇಡ ಎನ್ನುವವರಿಗೆ ಉತ್ತರ ಕೊಡುತ್ತಾ, ಬಿಡುವಿಲ್ಲದ ಬದುಕು ಪಶುವಿನ ಬದುಕಾಗುತ್ತದೆ, ಬಿಡುವು ಸಿಕ್ಕರೆ ಮಾತ್ರ ಮನುಷ್ಯನಿಗೆ ಸಂಸ್ಕೃತಿ ಸಾಧ್ಯ ಎಂದು ವಾದಿಸಿದರು. ತಂಗಿಯ ರವಿವಾರ ಅಷ್ಟು ದೊಡ್ಡ ಹೋರಾಟದ ಗಳಿಕೆ.

ಬುದ್ಧರೂ ಇದಕ್ಕೆ ಅಡ್ಡ ಬಂದವರಲ್ಲ. ಅಂಗುತ್ತರ ನಿಕಾಯದಲ್ಲಿ ಅನಾಥಪಿಂಡಿಕನಿಗೆ ಗೃಹಸ್ಥರ ನಾಲ್ಕು ಸುಖಗಳನ್ನು ಹೇಳುತ್ತಾರೆ. ನ್ಯಾಯವಾಗಿ ದುಡಿದದ್ದು ಕೈಯಲ್ಲಿ ಇದೆ ಎನ್ನುವ ಸುಖ, ಅದನ್ನು ಅನುಭವಿಸುವ ಸುಖ, ಸಾಲವಿಲ್ಲದ ಸುಖ, ತಪ್ಪಿಲ್ಲದ ನಡತೆಯ ಸುಖ. ನಾಲ್ಕನೆಯದೇ ದೊಡ್ಡದು ಎನ್ನುತ್ತಾರೆ, ನಿಜ. ಆದರೂ ಎರಡನೆಯದನ್ನು ಪಟ್ಟಿಯಿಂದ ತೆಗೆದುಹಾಕಲಿಲ್ಲ. ಮೂರನೆಯದನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ, ಅದರ ಹತ್ತಿರಕ್ಕೆ ಮತ್ತೆ ಬರುತ್ತೇನೆ.

ರವಿವಾರದ ಪ್ರವಾಸದ ವಿಷಯ. ಕನಗನಹಳ್ಳಿಯ ಸ್ತೂಪದ ಶಿಲ್ಪಗಳಲ್ಲಿ ರಾಣಿ, ಪರಿಚಾರಕಿಯರ ಜೊತೆ ನಿಂತ ದೊರೆಯನ್ನು ಎಲ್ಲರೂ ಬಹಳ ಹೊತ್ತು ನೋಡಿದೆವು. ಬ್ರಾಹ್ಮಿ ಅಕ್ಷರದಲ್ಲಿ ‘ರಾಯ ಅಸೋಕೋ’ ಎಂದು ಅಲ್ಲೇ ಬರೆದಿರುವುದರಿಂದ ಅದು ಯಾರೆಂಬ ಅನುಮಾನವಿಲ್ಲ. ಪಕ್ಕದ ಸನ್ನತಿಯ ಕಥೆ ಇನ್ನೂ ಸೊಗಸು. 1986ರಲ್ಲಿ ಗುಡಿಯ ಮಾಳಿಗೆ ಕುಸಿದಾಗ, ದೇವಿಯ ಮೂರ್ತಿಯ ಕೆಳಗೆ ಪೀಠವಾಗಿದ್ದ ಕಲ್ಲಿನಲ್ಲೇ ಅಶೋಕನ ಶಾಸನ ಇದ್ದದ್ದು ಬೆಳಕಿಗೆ ಬಂತು. ಎಷ್ಟು ತಲೆಮಾರು ಅದರ ಮೇಲೆ ಹೂವು ಕುಂಕುಮ ಬಿದ್ದಿತ್ತೋ!

ಅದೇ ಅಶೋಕ ಎಂಟನೆಯ ಶಿಲಾಶಾಸನದಲ್ಲಿ (ಅದು ಸನ್ನತಿಯಲ್ಲಿಲ್ಲ, ಗಿರ್ನಾರ್, ಕಾಲ್ಸಿ, ಧೌಲಿ, ಆಂಧ್ರದ ಎರ್ರಗುಡಿಗಳಲ್ಲಿದೆ) ಪ್ರವಾಸದ ಬಗ್ಗೆಯೇ ಮಾತಾಡುತ್ತಾನೆ. ಹಿಂದಿನ ದೊರೆಗಳು ವಿಹಾರಯಾತ್ರೆಗೆ ಹೋಗಿ ಬೇಟೆಯಾಡಿ ಮೋಜು ಮಾಡುತ್ತಿದ್ದರಂತೆ. ತಾನು ಪಟ್ಟಕ್ಕೆ ಬಂದು ಹತ್ತು ವರ್ಷವಾದಾಗ ಸಂಬೋಧಿಗೆ, ಎಂದರೆ ಬೋಧಗಯೆಗೆ, ಹೋದನಂತೆ. ಅಲ್ಲಿಂದ ಧಮ್ಮಯಾತ್ರೆ ಶುರುವಾಯಿತು. ಶ್ರಮಣರನ್ನು ಬ್ರಾಹ್ಮಣರನ್ನು ಕಾಣುವುದು, ಮುದುಕರಿಗೆ ನೆರವಾಗುವುದು, ಹಳ್ಳಿಗಾಡಿನ ಜನರನ್ನು ಭೇಟಿಯಾಗಿ ಧಮ್ಮದ ಮಾತಾಡುವುದು. ನನಗೆ ಬಹಳ ಹಿಡಿಸಿದ್ದು ಇದರ ಕೊನೆ. ಕರ್ತವ್ಯಕ್ಕಾಗಿ ಸಂತೋಷ ಬಿಟ್ಟೆ ಎಂದು ಅವನು ಹೇಳುವುದಿಲ್ಲ, ಇದರಲ್ಲೇ ಹೆಚ್ಚು ಸಂತೋಷ ಸಿಗುತ್ತದೆ ಎನ್ನುತ್ತಾನೆ. ನಮ್ಮ ಮಾತಿನಲ್ಲಿ ವಾಯುವಿಹಾರಕ್ಕೂ ಬುದ್ಧವಿಹಾರಕ್ಕೂ ಒಂದೇ ಪದ ಇರುವುದು ಸುಮ್ಮನೆ ಅಲ್ಲವೇನೋ.

ಹೋಗುವಾಗ ಕ್ರೂಸರ್ ಗಾಡಿಯಲ್ಲಿ ಎಷ್ಟು ಗದ್ದಲ! ಭೀಮಾ ದಂಡೆಯಲ್ಲಿ ಗಂಟು ಬಿಚ್ಚಿದರೆ ಒಬ್ಬೊಬ್ಬರದು ಒಂದೊಂದು ಬಗೆಯ ಶೇಂಗಾ ಹಿಂಡಿ. ಬರುವಾಗ ಮಾತ್ರ ನಾಲವಾರ ದಾಟುವ ಹೊತ್ತಿಗೆ ಗಾಡಿಯೊಳಗೆ ಶಬ್ದವೇ ಇಲ್ಲ. ಮಲಗಿದ್ದಾರೇನೋ ಎಂದು ತಿರುಗಿ ನೋಡಿದರೆ ಎಲ್ಲರ ಮುಖದ ಮೇಲೂ ಫೋನಿನ ಬೆಳಕು. ಏನು ನೋಡುತ್ತಿದ್ದೀರಿ ಎಂದು ಕೇಳಿದೆ. “ಬಾಕಿ ಎಪಿಸೋಡ್ ಅವ ಸರ್, ಮುಗಸ್ಲಿಕತ್ತೀನಿ” ಎಂದ ಒಬ್ಬ ಹುಡುಗ.

ಬಾಕಿ. ನಮ್ಮ ಮುತ್ಯಾ ಈ ಪದ ಕೇಳಿದರೆ ಬೆವರುತ್ತಿದ್ದ. ಮದುವೆಗೆಂದು ತಂದ ಸಾಲದ ಬಾಕಿ ತೀರಿಸಲು ಅವನು ಒಬ್ಬರ ಹೊಲದಲ್ಲಿ ಜೀತಕ್ಕಿದ್ದ. ವರ್ಷ ದುಡಿದರೂ ಬಾಕಿ ಅಷ್ಟೇ ಇರುತ್ತಿತ್ತು, ಕೆಲವು ವರ್ಷ ಹೆಚ್ಚೂ ಆಗುತ್ತಿತ್ತು. ಲೆಕ್ಕದ ಪುಸ್ತಕ ಅವನ ಕೈಯಲ್ಲಿ ಇರಲಿಲ್ಲವಲ್ಲ. 1976ರ ಕಾಯ್ದೆ ಬಂದು ಜೀತದ ಸಾಲಗಳನ್ನು ರದ್ದು ಮಾಡಿತು. ಅವನ ಮರಿಮಕ್ಕಳ ವಯಸ್ಸಿನವರು ಈಗ ಯಾವ ಸಾಲವೂ ಇಲ್ಲದೆ, ಯಾರೂ ಕೇಳದೆ, ಬಾಕಿ ಇದೆ ಎಂದು ರಾತ್ರಿ ಹನ್ನೆರಡರವರೆಗೆ ತೀರಿಸುತ್ತಾ ಕೂರುತ್ತಾರೆ. ಒಂದು ಮುಗಿಯುವಷ್ಟರಲ್ಲಿ ಪರದೆಯ ಮೂಲೆಯಲ್ಲಿ ಐದು, ನಾಲ್ಕು, ಮೂರು ಎಂದು ಎಣಿಕೆ ಶುರು. ಇಲ್ಲಿಯೂ ಲೆಕ್ಕದ ಪುಸ್ತಕ ಬೇರೆಯವರ ಕೈಯಲ್ಲಿದೆ.

ಎರಡೂ ಒಂದೇ ಎಂದು ಹೇಳುತ್ತಿಲ್ಲ. ಮುತ್ಯಾನ ಬೆನ್ನು ಬಾಗಿದ್ದು ಬೇರೆ, ಹುಡುಗನ ಕುತ್ತಿಗೆ ಬಾಗಿದ್ದು ಬೇರೆ. ಆದರೆ ನಮ್ಮದಾದ ಬಿಡುವನ್ನು ನಾವೇ ಬಾಕಿ ಎಂದು ಕರೆಯಲು ಶುರು ಮಾಡಿದರೆ, ಬುದ್ಧರು ಹೇಳಿದ ಆ ಮೂರನೆಯ ಸುಖ ಎಲ್ಲಿ ಉಳಿಯಿತು? ತಂಗಿಯ ‘ಒಂಥರಾ’ಕ್ಕೆ ಕಾರಣ ಇಲ್ಲಿರಬಹುದು ಎಂದು ನನ್ನ ಅನಿಸಿಕೆ. ಅವರು ಬರೆದದ್ದನ್ನು ಇನ್ನೊಮ್ಮೆ ಓದಿ. ಸನ್ನತಿಗೆ ‘ಖುಷಿ ಆಯ್ತು’ ಎಂದಿದ್ದಾರೆ, ಸೀರಿಯಲ್ಲಿಗೆ ‘ಮುಗಿಸ್ದೆ’ ಎಂದಿದ್ದಾರೆ.

ಸಿಗಾಲೋವಾದ ಸುತ್ತದಲ್ಲಿ ಬುದ್ಧರು ಸಿಗಾಲ ಎಂಬ ತರುಣ ಗೃಹಸ್ಥನಿಗೆ ಆಟನೋಟಗಳ ಆರು ದೋಷ ಹೇಳುವ ಕಡೆ ನಾನು ಪ್ರತಿ ಸಲ ನಿಲ್ಲುತ್ತೇನೆ. ನೃತ್ಯ ಕೆಟ್ಟದ್ದು, ಹಾಡು ಕೆಟ್ಟದ್ದು ಎನ್ನುತ್ತಾರೆಂದು ಕಾಯುತ್ತೇವೆ. ಹಾಗೆ ಹೇಳುವುದಿಲ್ಲ. ಅದರ ಬೆನ್ನು ಹತ್ತಿದವನು ನೃತ್ಯ ಎಲ್ಲಿದೆ, ಹಾಡು ಎಲ್ಲಿದೆ, ವಾದ್ಯ ಎಲ್ಲಿದೆ, ಕಥೆ ಹೇಳುವುದು ಎಲ್ಲಿದೆ, ತಾಳ ಎಲ್ಲಿದೆ, ಡೋಲು ಎಲ್ಲಿದೆ ಎಂದು ಹುಡುಕುತ್ತಲೇ ಇರುತ್ತಾನೆ ಎನ್ನುತ್ತಾರೆ. ಆರು ದೋಷವೂ ‘ಎಲ್ಲಿ’ ಎನ್ನುವ ಒಂದೇ ಪ್ರಶ್ನೆ. ನೋಡುತ್ತಾ ಕೂತವನ ಬಗ್ಗೆ ಅಲ್ಲಿ ಮಾತಿಲ್ಲ, ನೋಡಿದ್ದು ಸಾಲದೆ ಎದ್ದು ಓಡುವವನ ಬಗ್ಗೆ ಇದೆ. ಫೋನಿನಲ್ಲಿ ಬೆರಳು ಮೇಲೆ ಸರಿಸುತ್ತಾ ಹೋಗುವುದನ್ನು ಇದಕ್ಕಿಂತ ಚೆನ್ನಾಗಿ ಯಾರು ವರ್ಣಿಸಿಯಾರು?

ಇದಕ್ಕೆ ತದ್ವಿರುದ್ಧವಾದ ಚಿತ್ರವೂ ಒಂದಿದೆ. ಮಹಾಪರಿನಿಬ್ಬಾಣ ಸುತ್ತದಲ್ಲಿ ಎಂಬತ್ತರ ಬುದ್ಧರು ಆನಂದನ ಜೊತೆ ಚಾಪಾಲ ಚೈತ್ಯಕ್ಕೆ ಹಗಲಿನ ವಿಶ್ರಾಂತಿಗೆ ಹೋಗುತ್ತಾರೆ. ಕೂತು, ವೈಶಾಲಿ ಎಷ್ಟು ರಮಣೀಯ ಎನ್ನುತ್ತಾರೆ. ಅಲ್ಲಿನ ಚೈತ್ಯಗಳ ಹೆಸರನ್ನು ಒಂದೊಂದಾಗಿ ಹೇಳಿ, ಪ್ರತಿಯೊಂದೂ ರಮಣೀಯ ಎನ್ನುತ್ತಾರೆ. ಕಾಯಿಲೆಯಿಂದ ಎದ್ದ ಮುದಿ ದೇಹ, ಮುಂದೆ ಉಳಿದದ್ದು ಕೆಲವೇ ತಿಂಗಳು. ಆದರೂ ಅಂದು ಎದುರಿಗಿದ್ದ ಊರನ್ನು ಕಣ್ತುಂಬ ನೋಡುತ್ತಾರೆ.

ಸೀರಿಯಲ್ ಎಂದರೆ ಮೂಗು ಮುರಿಯುವ ನಮ್ಮ ಬಳಗದ ಹಿರಿಯರಿಗೂ ಒಂದು ಮಾತು. 2020ರಲ್ಲಿ ಜೀ ಕನ್ನಡದಲ್ಲಿ ಮಹಾನಾಯಕ ಬಂದಾಗ ಊರೂರಲ್ಲಿ ಬ್ಯಾನರ್ ಕಟ್ಟಿದವರು ನಾವೇ. ಆಗ ಯಾರೂ ಏಳನೆಯ ಶೀಲ ನೆನಪಿಸಲಿಲ್ಲ!

ತಂಗೀ, ಸೀರಿಯಲ್ ನೋಡಿ. ಗಂಡ ಮಕ್ಕಳಿಗೆ ಹೇಳಿ ಆ ಹೊತ್ತು ನಿಮ್ಮದೆಂದು ಇಟ್ಟುಕೊಂಡು, ಕಾಲು ಚಾಚಿ ನೋಡಿ. ತಪ್ಪಿದ ಐದರಲ್ಲಿ ಎರಡು ನೋಡಿ ಮೂರು ಬಿಟ್ಟರೂ ಕಥೆ ತಿಳಿಯುತ್ತದೆ, ಸೀರಿಯಲ್ ಮಾಡುವವರಿಗೂ ಅದು ಗೊತ್ತು. ಒಂದು ಸಣ್ಣ ಅಭ್ಯಾಸ ಹೇಳುತ್ತೇನೆ, ಬೇಕಾದರೆ ಮಾಡಿ. ಎಪಿಸೋಡು ಯಾವಾಗಲೂ ನಿಲ್ಲುವುದು ಯಾರೋ ಬಾಗಿಲು ಬಡಿದಾಗ, ಇಲ್ಲವೇ ಯಾರದೋ ಕೈಯಿಂದ ತಟ್ಟೆ ಬಿದ್ದಾಗ. ಎಣಿಕೆ ಶುರುವಾಗುವ ಮೊದಲೇ ಫೋನು ಮಗುಚಿಟ್ಟು, ಬಂದವರು ಯಾರೆಂದು ಗೊತ್ತಿಲ್ಲದೆಯೇ ಒಂದು ರಾತ್ರಿ ಮಲಗಿ. ಗೊತ್ತಾಗಬೇಕು ಎಂದು ಮನಸ್ಸು ಎಳೆಯುವುದನ್ನು ನಾಲ್ಕು ಉಸಿರು ನೋಡಿ. ಆನಾಪಾನಕ್ಕೆ ಬೇರೆ ಕಡೆ ಹೋಗಬೇಕಿಲ್ಲ.

ನಾಳೆ ಇದೇ ಸುತ್ತದ ಮುಂದಿನ ಭಾಗ, ಜೂಜಿನ ಆರು ದೋಷಗಳು. ಫೋನಿನಲ್ಲಿ ಇಸ್ಪೀಟು ಆಡುವವರು ತಪ್ಪದೆ ಓದಿ.