ಜಾಲಿಗಿಡದ ಕೆಳಗೆ ದಣಿದು ಕುಳಿತವರು

ಕರ್ಮೆಲ್ ಬೆಟ್ಟದ ಮೇಲೆ ದೊಡ್ಡ ಜಯ ಕಂಡ ಪ್ರವಾದಿ ಎಲೀಯ, ಆ ಬೆನ್ನಲ್ಲೇ ರಾಣಿ ಈಜೆಬೆಲಳ ಬೆದರಿಕೆಗೆ ಅಂಜಿ ಅಡವಿಗೆ ಓಡಿಹೋದನು. ಜಾಲಿಗಿಡವೊಂದರ ಕೆಳಗೆ ಕುಳಿತು, ಇನ್ನು ಸಾಕು, ತನ್ನ ಪ್ರಾಣವನ್ನು ತೆಗೆದುಬಿಡು ಎಂದು ದೇವರನ್ನು ಬೇಡಿಕೊಂಡನು. ಪ್ರಿಯ ಓದುಗರೇ, ಪವಿತ್ರಗ್ರಂಥವು ಈ ದಣಿವನ್ನು ಮುಚ್ಚಿಟ್ಟಿಲ್ಲ. ನ್ಯಾಯಕ್ಕಾಗಿ ನಿಂತವರು ಸೋಲಿನಿಂದ ಮಾತ್ರವಲ್ಲ, ಮುಗಿಯದ ಕಾಯುವಿಕೆಯಿಂದಲೂ ಕುಸಿಯುತ್ತಾರೆ. ಅಂತಹವರು ನಮ್ಮ ಧರ್ಮಕೇಂದ್ರಗಳಲ್ಲಿಯೂ ಇದ್ದಾರೆ.

ದಲಿತ ಕ್ರೈಸ್ತರ ಹಕ್ಕಿಗಾಗಿ ದುಡಿಯುತ್ತಿರುವವರನ್ನೇ ನೆನೆಯಿರಿ. 1950ರ ಆಗಸ್ಟ್ 10ರಂದು ಹೊರಬಂದ ಪರಿಶಿಷ್ಟ ಜಾತಿಗಳ ಆದೇಶದ ಮೂರನೆಯ ಕಂಡಿಕೆಯು ಆ ಸ್ಥಾನವನ್ನು ಧರ್ಮದೊಂದಿಗೆ ಬೆಸೆಯಿತು. 1956ರಲ್ಲಿ ಸಿಖ್ಖರನ್ನೂ 1990ರಲ್ಲಿ ಬೌದ್ಧರನ್ನೂ ಅದರೊಳಗೆ ಸೇರಿಸಲಾಯಿತು. ಕ್ರೈಸ್ತರು ಮತ್ತು ಮುಸಲ್ಮಾನರು ಹೊರಗೇ ಉಳಿದರು. ಪರಿಶಿಷ್ಟ ಪಂಗಡಗಳಿಗಾದರೋ ಇಂತಹ ಧರ್ಮದ ಷರತ್ತು ಇರಲಿಲ್ಲ. 2004ರಲ್ಲಿ ಸರ್ವೋಚ್ಚ ನ್ಯಾಯಾಲಯದ ಮೆಟ್ಟಿಲೇರಿದ ಮನವಿ ಇಪ್ಪತ್ತು ವರ್ಷ ಕಳೆದರೂ ಇತ್ಯರ್ಥವಾಗಲಿಲ್ಲ. 2007ರಲ್ಲಿ ನ್ಯಾಯಮೂರ್ತಿ ರಂಗನಾಥ ಮಿಶ್ರಾ ಆಯೋಗವು ಈ ಷರತ್ತನ್ನು ತೆಗೆದುಹಾಕಬೇಕೆಂದು ಶಿಫಾರಸು ಮಾಡಿತು. ಆಯೋಗದ ಸದಸ್ಯ ಕಾರ್ಯದರ್ಶಿಯವರು ಭಿನ್ನಮತ ದಾಖಲಿಸಿದರು. 2022ರಲ್ಲಿ ಕೇಂದ್ರ ಸರ್ಕಾರವು ನಿವೃತ್ತ ಮುಖ್ಯ ನ್ಯಾಯಮೂರ್ತಿ ಕೆ. ಜಿ. ಬಾಲಕೃಷ್ಣನ್ ಅವರ ನೇತೃತ್ವದಲ್ಲಿ ಮತ್ತೊಂದು ಆಯೋಗವನ್ನು ರಚಿಸಿತು. ತಂದೆ ಹಿಡಿದ ಮನವಿಪತ್ರವನ್ನು ಮಗನೂ ಹಿಡಿದು, ಈಗ ಮೊಮ್ಮಗಳು ಹಿಡಿಯುವ ಕಾಲ ಬಂದಿದೆ. ಇಷ್ಟು ದೀರ್ಘವಾದ ದಾರಿಯಲ್ಲಿ ನಡೆದವರು ದಣಿದರೆ ಅದು ಅವರ ವಿಶ್ವಾಸದ ಕೊರತೆಯೆಂದು ಹೇಳಲಾದೀತೇ?

ಕಚೇರಿಯ ಪಕ್ಷಪಾತವೆಂದರೆ ಮೇಜಿನ ಹಿಂದೆ ಕುಳಿತವರ ಮನಸ್ಸಿನ ದೋಷವೆಂದೇ ನಾವು ಭಾವಿಸುತ್ತೇವೆ. ಕೆಲವೊಮ್ಮೆ ಅದು ಹಾಗೆಯೇ ಇರುತ್ತದೆ: ಅರ್ಜಿಯಲ್ಲಿನ ಹೆಸರು ನೋಡಿ ಮುಖ ಬಿಗಿಯುತ್ತದೆ, ಕಡತ ಕೆಳಗೆ ಸರಿಯುತ್ತದೆ, "ನಾಳೆ ಬನ್ನಿ" ಎಂಬ ಮಾತು ತಿಂಗಳುಗಟ್ಟಲೆ ನಡೆಯುತ್ತದೆ. ಇನ್ನು ಕೆಲವೊಮ್ಮೆ ಪಕ್ಷಪಾತವು ನಿಯಮದೊಳಗೇ ಕುಳಿತಿರುತ್ತದೆ. ಆಗ ಪ್ರಾಮಾಣಿಕನಾದ ಗುಮಾಸ್ತನೂ ಅದನ್ನೇ ಜಾರಿಗೊಳಿಸಬೇಕಾಗುತ್ತದೆ. ಮೊದಲನೆಯದಕ್ಕೆ ದೂರು ಕೊಡಬೇಕು; ಎರಡನೆಯದಕ್ಕೆ ಕಾನೂನು ಬದಲಾಗಬೇಕು. ಈ ಭೇದವನ್ನು ಅರಿಯದೆ ಹೋದರೆ, ನಮ್ಮ ಸಿಟ್ಟು ನಿರಪರಾಧಿಯ ಮೇಲೆ ಬೀಳುತ್ತದೆ, ನಮ್ಮ ಶಕ್ತಿಯೂ ವ್ಯರ್ಥವಾಗುತ್ತದೆ.

ಹೋರಾಟಗಾರನಿಗೆ ಎದುರಾಗುವ ದೊಡ್ಡ ಅಪಾಯ ಇಲ್ಲಿಯೇ ಇದೆ. ಮೊದಲು ಅವನಿಗೊಂದು ಉದ್ದೇಶವಿರುತ್ತದೆ; ಕ್ರಮೇಣ ಆ ಉದ್ದೇಶವೇ ಅವನನ್ನು ನುಂಗಿಬಿಡುತ್ತದೆ. ತಾನು ತಂದೆ, ಗಂಡ, ನೆರೆಯವನು ಎಂಬುದನ್ನು ಮರೆತು ತಾನು ಇಂತಹ ಪಕ್ಷದವನು, ಇಂತಹ ಸಂಘಟನೆಯವನು ಎಂಬುದಷ್ಟೇ ಉಳಿಯುತ್ತದೆ. ಎದುರಿನವನೂ ಆಗ ಮನುಷ್ಯನಾಗಿ ಕಾಣುವುದಿಲ್ಲ, ಬರಿಯ ಎದುರಾಳಿಯಾಗಿ ಕಾಣುತ್ತಾನೆ. ಪ್ರಭು ಯೇಸು ಆರಿಸಿಕೊಂಡ ಹನ್ನೆರಡು ಮಂದಿಯನ್ನು ಒಮ್ಮೆ ನೋಡಿರಿ. ಆಳುವವರ ಪರವಾಗಿ ಸುಂಕದ ಕಟ್ಟೆಯಲ್ಲಿ ಕುಳಿತಿದ್ದ ಮತ್ತಾಯ ಅಲ್ಲಿದ್ದನು. ಉಗ್ರಾಭಿಮಾನಿಯೆಂದು ಹೆಸರಾದ ಸಿಮೋನನೂ ಅಲ್ಲಿದ್ದನು. ಒಬ್ಬನು ಕಚೇರಿಯಿಂದ ಬಂದವನು, ಇನ್ನೊಬ್ಬನು ಛಲದ ಗುಂಪಿನ ಹೆಸರು ಹೊತ್ತವನು. ಇಬ್ಬರೂ ಒಂದೇ ಪಂಕ್ತಿಯಲ್ಲಿ ಕುಳಿತು ಒಂದೇ ರೊಟ್ಟಿಯನ್ನು ಹಂಚಿಕೊಂಡರು.

ಇನ್ನೊಂದು ಮಾತನ್ನು ಹೇಳದೆ ಮುಂದೆ ಹೋಗುವುದು ಪ್ರಾಮಾಣಿಕತೆಯಲ್ಲ. "ನಿಮ್ಮ ಧರ್ಮದಲ್ಲಿ ಜಾತಿಯೇ ಇಲ್ಲವಲ್ಲ!" ಎಂದು ಸರ್ಕಾರಿ ಮೇಜಿನಿಂದ ಉತ್ತರ ಬಂದಾಗ ನಾವು ನೋಯುತ್ತೇವೆ. ಆದರೆ ನಮ್ಮ ಧರ್ಮೋಪದೇಶವೂ ಅದನ್ನೇ ಹೇಳುತ್ತದೆಯಲ್ಲವೇ? ಹಕ್ಕು ಕೇಳಬೇಕಾದರೆ ನಮ್ಮ ನಡುವೆ ಜಾತಿ ಇನ್ನೂ ಬದುಕಿದೆಯೆಂದು ಒಪ್ಪಿಕೊಳ್ಳಲೇಬೇಕು. ಭಾರತದ ಕಥೋಲಿಕ ಧರ್ಮಾಧ್ಯಕ್ಷರ ಮಂಡಳಿಯು 2016ರಲ್ಲಿ ಪ್ರಕಟಿಸಿದ ದಲಿತ ಸಬಲೀಕರಣ ನೀತಿಯಲ್ಲಿ ಧರ್ಮಸಭೆಯೊಳಗಿನ ತಾರತಮ್ಯವನ್ನು ಬಹಿರಂಗವಾಗಿಯೇ ಒಪ್ಪಿಕೊಂಡಿತು. ಮದುವೆಯ ಮಾತುಕತೆಯಲ್ಲಿ, ಸ್ಮಶಾನದ ಜಾಗದಲ್ಲಿ, ನಮ್ಮದೇ ಶಾಲೆಗಳ ನೇಮಕಾತಿಯಲ್ಲಿ ನಾವು ಎಂತಹ ಮೇಜಿನ ಹಿಂದೆ ಕುಳಿತಿದ್ದೇವೆ? ದಲಿತ ಕ್ರೈಸ್ತ ಹೋರಾಟಗಾರನ ದಣಿವಿನಲ್ಲಿ ಸರ್ಕಾರದ ಪಾಲೆಷ್ಟು, ನಮ್ಮ ಪಾಲೆಷ್ಟು? ಹೊರಗಿನ ಬಾಗಿಲು ಮುಚ್ಚಿದ್ದನ್ನು ತಾಳಿಕೊಂಡವನಿಗೆ ಮನೆಯೊಳಗಿನ ಬಾಗಿಲೂ ಮುಚ್ಚಿದರೆ ಅವನು ಎಲ್ಲಿಗೆ ಹೋದಾನು?

ವಿಯೆಟ್ನಾಂ ಯುದ್ಧವನ್ನು ವಿರೋಧಿಸಿ ದಣಿದುಹೋಗಿದ್ದ ಜಿಮ್ ಫಾರೆಸ್ಟ್ ಎಂಬ ಯುವಕನಿಗೆ ಸನ್ಯಾಸಿ ಥಾಮಸ್ ಮರ್ಟನ್ 1966ರಲ್ಲಿ ಒಂದು ಪತ್ರ ಬರೆದರು. ಫಲ ಸಿಗುವುದೆಂಬ ನಿರೀಕ್ಷೆಗೆ ಜೋತುಬೀಳಬೇಡ, ಕೆಲಸದ ಸತ್ಯದ ಮೇಲೆ ಮನಸ್ಸಿಡು, ಕೊನೆಗೆ ಉಳಿಯುವುದು ವ್ಯಕ್ತಿಗಳ ನಡುವಣ ನಂಟು ಎಂಬುದು ಅದರ ಸಾರ. ಇದು ಸೋಮಾರಿತನದ ಉಪದೇಶವಲ್ಲ. ನ್ಯಾಯದ ಕೆಲಸವು ದೇವರದು, ನಾವು ಅದರಲ್ಲಿ ಕೂಲಿಯಾಳುಗಳು ಎಂಬ ವಿನಯ ಇದು.

ಎಲೀಯನಿಗೆ ದೇವರು ಏನು ಮಾಡಿದರು? ಗದರಿಸಲಿಲ್ಲ, ಭಾಷಣವನ್ನೂ ಮಾಡಲಿಲ್ಲ. ಮೊದಲು ನಿದ್ರೆ, ಆಮೇಲೆ ಕೆಂಡದ ಮೇಲೆ ಸುಟ್ಟ ರೊಟ್ಟಿ, ಒಂದು ತಂಬಿಗೆ ನೀರು. ಮತ್ತೆ ನಿದ್ರೆ, ಮತ್ತೆ ಊಟ. ಹೋರೇಬ್ ಬೆಟ್ಟವನ್ನು ತಲುಪಿದ ಮೇಲೆ ಅವನಿಗೆ ಹೊಸ ಕೆಲಸವೂ, ಜೊತೆಗೆ ಎಲೀಷನೂ ದೊರೆತರು. ತಾನೊಬ್ಬನೇ ಉಳಿದೆನೆಂದು ಅಳುತ್ತಿದ್ದವನಿಗೆ, ಬಾಳನಿಗೆ ಅಡ್ಡಬೀಳದ 7000 ಮಂದಿ ಇನ್ನೂ ಇದ್ದಾರೆಂದು ತಿಳಿದುಬಂದಿತು.

ಆದ್ದರಿಂದ ಈ ತಿಂಗಳು ನಿಮ್ಮ ಧರ್ಮಕೇಂದ್ರದಲ್ಲಿ ಕಚೇರಿಯಿಂದ ಕಚೇರಿಗೆ ಅಲೆದು ಸುಸ್ತಾದವರು ಯಾರೆಂದು ಹುಡುಕಿರಿ. ಅವರಿಗೆ ಬುದ್ಧಿವಾದ ಹೇಳಬೇಡಿರಿ. ಮನೆಗೆ ಕರೆದು ಊಟ ಬಡಿಸಿರಿ. ಮುಂದಿನ ಸಲ ಅವರು ಕಡತ ಹಿಡಿದು ಹೊರಟಾಗ ನೀವೂ ಜೊತೆಗೆ ಹೋಗಿರಿ. ಆ ಏಳು ಸಾವಿರದಲ್ಲಿ ನೀವೂ ಒಬ್ಬರೆಂದು ಅವರಿಗೆ ತಿಳಿಯಲಿ.