ಇಷ್ಟು ವರ್ಷ ಏಕೆ ಬರಲಿಲ್ಲ?



ನೈಜೀರಿಯ, ಬೆನಿನ್ ಮುಂತಾದ ಪಶ್ಚಿಮ ಆಫ್ರಿಕದ ನಾಡುಗಳಲ್ಲಿ ಶಸ್ತ್ರವೈದ್ಯರ ಮುಂದೆ ಕೆಲವು ರೋಗಿಗಳು ಮುಖಕ್ಕೆ ಬಟ್ಟೆ ಮುಚ್ಚಿಕೊಂಡು ಬಂದು ಕೂರುತ್ತಾರೆ. ಬಟ್ಟೆ ಸರಿಸಿದರೆ ಕೆಳದವಡೆಯಲ್ಲಿ ತೆಂಗಿನಕಾಯಿಯಷ್ಟು ದೊಡ್ಡ ಗೆಡ್ಡೆ. ಹಲ್ಲುಗಳು ದಿಕ್ಕುತಪ್ಪಿವೆ, ನಾಲಿಗೆ ಪಕ್ಕಕ್ಕೆ ಸರಿದಿದೆ, ಗಂಜಿಯ ಹೊರತು ಬೇರೇನೂ ಇಳಿಯದು. ನೋಡಿದವರ ಬಾಯಿಂದ ಮೊದಲು ಬರುವ ಮಾತು: "ಇಷ್ಟು ವರ್ಷ ಏಕೆ ಬರಲಿಲ್ಲ?"

ಇದು ಕ್ಯಾನ್ಸರ್ ಅಲ್ಲ. ಇಂಥ ಗೆಡ್ಡೆಗಳಲ್ಲಿ ಅಮೆಲೊಬ್ಲಾಸ್ಟೋಮ ಎಂಬುದೊಂದು. ಹಲ್ಲಿನ ಹೊರಕವಚವನ್ನು ರೂಪಿಸುವ ಅಂಗಾಂಶದಿಂದ ಹುಟ್ಟಿ, ವರ್ಷಗಟ್ಟಲೆ ನಿಧಾನವಾಗಿ ಬೆಳೆಯುತ್ತದೆ. ದೇಹದ ಬೇರೆಡೆಗೆ ಹರಡುವುದು ತೀರಾ ಅಪರೂಪವಾದ್ದರಿಂದ ವೈದ್ಯರು ಇದನ್ನು ಸೌಮ್ಯ ಗೆಡ್ಡೆ ಎನ್ನುತ್ತಾರೆ. ದವಡೆಯ ಮೂಳೆಯನ್ನು ಒಳಗಿಂದ ತಿನ್ನುವುದರಲ್ಲಿ ಮಾತ್ರ ಅದಕ್ಕೆ ಯಾವ ಸೌಮ್ಯತೆಯೂ ಇಲ್ಲ. ಬರೀ ಕೆರೆದು ತೆಗೆದರೆ ಅನೇಕ ಸಲ ಮರುಕಳಿಸುತ್ತದೆ. ಹಾಗೇ ಬಿಟ್ಟರೆ ಊಟವನ್ನೂ ಕೊನೆಗೆ ಉಸಿರನ್ನೂ ತಡೆಯಬಲ್ಲದು. ಆದರೆ ಬಹುಕಾಲ ನೋವೇ ಇರುವುದಿಲ್ಲ! ನೋಯದ ರೋಗಕ್ಕೆ ಆಸ್ಪತ್ರೆಗೆ ಓಡುವವರು ನಮ್ಮಲ್ಲಿ ಎಷ್ಟು ಮಂದಿ? ಹಲ್ಲು ನಿದ್ದೆ ಕೆಡಿಸುವವರೆಗೆ ನನಗೂ ದಂತವೈದ್ಯರ ನೆನಪಾಗುವುದಿಲ್ಲ.

ಯೊವಾನ್ನನ ಶುಭಸಂದೇಶದ 9ನೇ ಅಧ್ಯಾಯದಲ್ಲಿ ಹುಟ್ಟುಕುರುಡನನ್ನು ಕಂಡ ಶಿಷ್ಯರು, ಪಾಪ ಮಾಡಿದವರು ಯಾರೆಂದು ಯೇಸುಸ್ವಾಮಿಯನ್ನು ಕೇಳಿದರು. ನಮ್ಮ ಪ್ರಶ್ನೆಯೂ ಅದೇ ಜಾತಿಯದು. ಉತ್ತರ ತಿಳಿಯುವ ಮೊದಲೇ ಅದು ತಪ್ಪನ್ನು ರೋಗಿಯ ತಲೆಗೆ ಕಟ್ಟಿಬಿಟ್ಟಿರುತ್ತದೆ.

ಆ ತಾಯಿ ಸುಮ್ಮನೆ ಕೂತಿರಲಿಲ್ಲ. ಸಡಿಲವಾದ ಹಲ್ಲನ್ನು ತೋರಿಸಿದಾಗ ಯಾರೋ ಅದನ್ನು ಕಿತ್ತು ಮನೆಗೆ ಕಳುಹಿಸಿರಬಹುದು. ಇದು ಶಾಪ ಎಂದ ನಾಟಿ ವೈದ್ಯನು ಪಕ್ಕದಲ್ಲೇ ಇದ್ದ. ಶಸ್ತ್ರವೈದ್ಯರು ಇದ್ದದ್ದು ದೂರದ ಪಟ್ಟಣದಲ್ಲಿ. ಬಸ್ಸಿನ ಖರ್ಚು, ಶಸ್ತ್ರಕ್ರಿಯೆಯ ಖರ್ಚು ಎಲ್ಲವೂ ಕೈಯಿಂದಲೇ ಹೋಗಬೇಕು. ಇದ್ದ ಹಣವನ್ನು ಆಕೆ ಮಕ್ಕಳ ಶಾಲೆಗೆ ಕಟ್ಟಿದಳೆನ್ನಿ. ಇದು ನಿರ್ಲಕ್ಷ್ಯವೇ? ಪ್ರಯತ್ನಿಸಿದರೂ ನೀಗಲಾಗದ ಅಜ್ಞಾನವು ಪಾಪವಲ್ಲ ಎಂದರು ಸಂತ ತೋಮಾಸ್ ಅಕ್ವಿನಾಸರು. ಇಲ್ಲಿ ಪೂರ್ತಿ ಅಜ್ಞಾನವೂ ಇಲ್ಲ. ತಿಳಿದೇ ಮಾಡಿದ ಒಂದು ಆಯ್ಕೆ ಇದೆ, ಅದೂ ತಾಯಿಯ ಆಯ್ಕೆ. ಅದನ್ನು ಸೋಮಾರಿತನವೆಂದು ಕರೆಯಲು ನನಗೆ ಬಾಯಿ ಬಾರದು.

ಇನ್ನು ಆ ಬಟ್ಟೆ. ಅದನ್ನು ಹೊದಿಸಿದ್ದು ರೋಗವಲ್ಲ, ಸಂತೆಯಲ್ಲಿ ಮುಖ ತಿರುಗಿಸಿಕೊಂಡವರು. ಬಲಿಪೂಜೆಯ ಆರಂಭದಲ್ಲಿ ನಾವು ಮಾಡಿದ್ದಕ್ಕೆ ಮಾತ್ರವಲ್ಲ, ಮಾಡದೆ ಬಿಟ್ಟದ್ದಕ್ಕೂ ಕ್ಷಮೆ ಬೇಡುತ್ತೇವೆ. ಆ ಎರಡನೆಯ ಪಟ್ಟಿಯನ್ನು ಎಷ್ಟು ಜನ ಬರೆದುಕೊಳ್ಳುತ್ತೇವೋ!

1978ರಲ್ಲಿ ಆರಂಭವಾದ 'ಮರ್ಸಿ ಶಿಪ್ಸ್' ಎಂಬ ಕ್ರೈಸ್ತ ಸಂಸ್ಥೆ ಆಸ್ಪತ್ರೆಯನ್ನೇ ಹಡಗಿನಲ್ಲಿಟ್ಟು ಆಫ್ರಿಕದ ಬಂದರುಗಳಿಗೆ ಒಯ್ದು, ಉಚಿತವಾಗಿ ಶಸ್ತ್ರಕ್ರಿಯೆ ಮಾಡುತ್ತದೆ. ಹಡಗು ಬಂದ ಸುದ್ದಿ ಹಬ್ಬಿದರೆ ಜನ ದೂರದೂರದಿಂದ ಬಂದು ಸಾಲುಗಟ್ಟಿ ನಿಲ್ಲುತ್ತಾರೆ. ಬರಲು ಮನಸ್ಸಿಲ್ಲದವರು ಹೀಗೆ ಬರುತ್ತಿದ್ದರೇ? ಕೆಲವು ತಿಂಗಳ ಬಳಿಕ ಹಡಗು ಹೊರಡುತ್ತದೆ. ಅದರ ಮರುದಿನ ಕೆನ್ನೆಯಲ್ಲಿ ಚಿಕ್ಕ ಊತ ಕಂಡವನಿಗೆ ಮತ್ತೆ ಹಳೆಯ ದಾರಿಯೇ: ಮೊದಲು ಹಲ್ಲು ಕೀಳಿಸುವುದು, ಆಮೇಲೆ ನಾಟಿ ಮದ್ದು, ಆಮೇಲೆ ಬಟ್ಟೆ.